ವರದಿ ಮಾಡಿದವರು

ಹಾಕದಿದ್ದರೂ ನಡೆಯುತ್ತದೆ, ಯಾರು ಕೇಳುತ್ತಾರೆ, ಕೇಳಬೇಕಾದವನೇ ಇಲ್ಲವಲ್ಲ ಎಂದುಕೊಂಡ ಮೇಲೂ ಬುರ್ಹಾನುದ್ದೀನನ ಬೆರಳು ಮತ್ತೆ ಆ ಸಾಲನ್ನು ಬರೆದಿತ್ತು. ಬರೆದದ್ದನ್ನು ನೋಡಿದ, ಅಳಿಸಿದ. ಬೆಳಿಗ್ಗೆ ಏಳರಿಂದ ಇದೇ ನಡೆದಿತ್ತು. ಸಾಲು ದೊಡ್ಡದೇನಲ್ಲ. ವರದಿ ಮಾಡಿದವರು ಎಂದು ಇಂಗ್ಲಿಷಿನಲ್ಲಿ ಎರಡು ಪದ, ಮುಂದೆ ಒಂದು ಹೆಸರು, ಹೆಸರಿನ ಪಕ್ಕ ಮೇಲ್ ವಿಳಾಸ. ಕೋಡಿನ ದೋಷ ತಿದ್ದುವ ಪ್ಯಾಚಿನ ಕೆಳಗೆ ಅಂಥದೊಂದು ಸಾಲು ಆಗಲೇ ಇತ್ತು, ಜರ್ಮನಿಯ ಒಬ್ಬ ಇಂಜಿನಿಯರನದು. ತಿಂಗಳ ಹಿಂದೆ ಈ ದೋಷವನ್ನು ಅಚ್ಚುಕಟ್ಟಾಗಿ, ಅಳತೆ ಲೆಕ್ಕಗಳ ಸಮೇತ ತೋರಿಸಿಕೊಟ್ಟವನು. ಅವನ ಹೆಸರಿನ ಮೇಲೆ ಇನ್ನೊಂದು ಹೆಸರಿಗೆ ಜಾಗವಿತ್ತು. ದೇವದುರ್ಗದ ಮೂಕಪ್ಪ ಇದೇ ದೋಷವನ್ನು ಎರಡು ವರ್ಷದ ಹಿಂದೆಯೇ ಹೇಳಿದ್ದ. ಹೇಳಿ ಒಂಬತ್ತು ತಿಂಗಳಿಗೆ ಸತ್ತಿದ್ದ.

ಕಿಟಕಿಯ ಆಚೆ ರಾಯಚೂರಿನ ಕೋಟೆಗುಡ್ಡ ಆ ಹೊತ್ತಿಗೇ ಬಿಸಿಲಿಗೆ ಬಿಳಿಚಿಕೊಂಡಿತ್ತು. ಕೆಳಗೆ ತೀನ್ ಕಂದೀಲ್ ವೃತ್ತದ ಕಡೆಯಿಂದ ಆಟೋಗಳ ಹಾರ್ನು, ಕೂಲರಿನ ಗುಂಯ್‌ಗುಡುವ ಸದ್ದು. ಈ ಮಹಡಿಯ ಕೋಣೆಯಲ್ಲಿ ಕೂತು ಬುರ್ಹಾನುದ್ದೀನ್ ಒಂಬತ್ತು ವರ್ಷದಿಂದ ಕರ್ನಲ್ಲಿನ ಒಂದು ಮೂಲೆಯನ್ನು ಕಾಯುತ್ತಿದ್ದ. ಕರ್ನಲ್ ಎಂದರೆ ಕಂಪ್ಯೂಟರಿನ ತಳದಲ್ಲಿ ಕೂತು ಯಾರಿಗೆ ಯಾವಾಗ ಸರದಿ ಎಂದು ಹೇಳುವ ಕೋಡು; ಅದನ್ನು ಊರೂರಲ್ಲಿ ಕೂತ ಸಾವಿರಾರು ಜನ ಒಬ್ಬರ ಮುಖ ಒಬ್ಬರು ನೋಡದೆ ಬರೆಯುತ್ತಾರೆ. ನೆಟ್ಟಿನಲ್ಲಿ ಹೊರಗೆ ಹೋಗಬೇಕಾದ ಮಾಹಿತಿಯ ಪ್ಯಾಕೆಟ್ಟುಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದಾಗಿ ಕಳಿಸುವ ನಾಲ್ಕು ಸಾವಿರ ಸಾಲು ಕೋಡು ಇವನ ಜಿಮ್ಮೆ. ಅಲ್ಲಿ ಯಾರು ಏನು ಬದಲಾಯಿಸಬೇಕೆಂದರೂ ಇವನನ್ನು ಕೇಳಬೇಕು. ದೋಷ ತೋರಿಸಿದವರ ಹೆಸರು ಹಾಕುವುದು ಅಲ್ಲಿಯ ರೂಢಿ. ಹಾಕಿದ ಹೆಸರನ್ನು ಮುಂದೆ ಯಾರೂ ಅಳಿಸಲಾರರು. ಆದರೆ ಹೆಸರಿನ ಕೆಳಗೆ ಆ ವರದಿ ಎಲ್ಲಿದೆ ಎಂಬ ಕೊಂಡಿಯನ್ನೂ ಕೊಡಬೇಕು. ಕೊಡದಿದ್ದರೆ ಪ್ಯಾಚನ್ನು ತಪಾಸಣೆ ಮಾಡುವ ಪ್ರೋಗ್ರಾಮು ಹಳದಿ ಅಕ್ಷರದಲ್ಲಿ ಎಚ್ಚರಿಕೆ ಕೊಡುತ್ತದೆ. ಮೂಕಪ್ಪನ ಹೆಸರು ಬರೆದಾಗಲೆಲ್ಲ ಅದು ಕೇಳುತ್ತಿತ್ತು: ಇವರ ವರದಿ ಎಲ್ಲಿ? ವರದಿ ಎಲ್ಲರಿಗೂ ಕಾಣುವ ಮೇಲಿಂಗ್ ಲಿಸ್ಟಿನಲ್ಲಿತ್ತು. ಅದನ್ನು ತೆರೆದವರು ಅದರ ಕೆಳಗೆ ಬುರ್ಹಾನುದ್ದೀನ್ ಬರೆದ ಉತ್ತರವನ್ನೂ ಓದುತ್ತಾರೆ.

"ಫಿರ್ ವೋಹೀಚ್ ಮೂಕಪ್ಪಾ ಕ್ಯಾ?" ಎಂದಳು ಜಾಹೆದಾ, ಚಹಾದ ಕಪ್ಪು ಇಡುತ್ತ. ಮತ್ತೆ ಅದೇ ಮೂಕಪ್ಪನೇ? ಹೆಂಡತಿಗೆ ಇಂಗ್ಲಿಷ್ ಅಕ್ಷರದ ಆ ಹೆಸರು ಪರಿಚಯವಾಗಿಬಿಟ್ಟಿತ್ತು. ದುನಿಯಾದ ಮಂದಿಗೆಲ್ಲ ಜವಾಬು ಕೊಡುವ ನಿಮಗೆ ಮನೆಯಲ್ಲಿ ಹಾಲಿನವನಿಗೊಂದು ಜವಾಬು ಕೊಡಲು ಬರುವುದಿಲ್ಲ ಎಂದು ದಖನಿಯಲ್ಲಿ ಛೇಡಿಸಿದಳು. ಅವನು ನಗಲಿಲ್ಲ. ಆಗ ಅವಳು, "ಜಾಕೊ ಆವ್ ಜೀ ಏಕ್ ಬಾರ್," ಎಂದಳು. ಒಮ್ಮೆ ಹೋಗಿ ಬನ್ನಿ. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಸತ್ತವರ ಹೆಸರು ಹಾಕುವುದಾದರೆ ಮನೆಯವರ ಅನುಮತಿ ಕೇಳುವುದು ಒಳ್ಳೆಯದು, ಇದು ಕೂಡ ರೂಢಿಯೇ ಎಂದು ಮನಸ್ಸಿನಲ್ಲೇ ವಾದ ಹೂಡಿ, ಅದಕ್ಕಾಗಿಯೇ ಹೋಗುತ್ತಿದ್ದೇನೆ ಎಂದು ನಂಬಿ, ಎದ್ದ. ಏಳುವ ಮುಂಚೆ ಒಂದು ಇ-ಮೇಲನ್ನು ಕಾಗದದ ಮೇಲೆ ಇಳಿಸಿಕೊಂಡು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟ. ಪ್ಯಾಚು ಭಾನುವಾರ ಹೋಗಬೇಕಿತ್ತು. ಇವತ್ತು ಶನಿವಾರ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು, ಬಿಸಿಲಿನ ಬದಿಯದು. ಕಲ್ಮಲದಲ್ಲಿ ಹತ್ತಿದ ಮುದುಕಿ ಬುಟ್ಟಿಯನ್ನು ಇವನ ಕಾಲ ಮೇಲೇ ಇಟ್ಟು, "ಸರಿಯಪ್ಪಾ ಅತ್ಲಾಗ, ಬಸ್ಸ ಬರಕೊಟ್ಟಾರೇನ್ ನಿನಗ?" ಎಂದಾಗ ಕಂಡಕ್ಟರ್, "ಯವ್ವಾ, ಬುಟ್ಟಿಗೂ ಟಿಕೆಟ್ ಹರೀಲೇನ? ಅದ ಕುಂತದ, ನೀ ನಿಂತಿ," ಎಂದ, ಸುತ್ತಲಿನವರು ನಕ್ಕರು. ಅವನೂ ನಕ್ಕ. ನಕ್ಕದ್ದಕ್ಕೆ ಹಿಂದೆಯೇ ನಾಚಿಕೆಯಾಯಿತು, ಯಾರಾದರೂ ನೋಡಿದರೋ ಎಂಬಂತೆ. ಮೂಕಪ್ಪನೂ ಹೀಗೇ ಒಂದು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದನಂತೆ, ಮಾನ್ವಿಗೆ. ಮಾನ್ವಿ ಬುರ್ಹಾನುದ್ದೀನನ ಹುಟ್ಟೂರು. ಅಣ್ಣ ಶಕೀಲ್ ಈಗಲೂ ಅಲ್ಲಿಯೇ ಅಂಗಡಿ ನೋಡಿಕೊಂಡಿದ್ದಾನೆ. ಎರಡು ವರ್ಷದ ಹಿಂದೆ ಅಲ್ಲಿಯ ಡಿಪ್ಲೊಮಾ ಹುಡುಗರಿಗೆ ಎರಡು ಮಾತು ಹೇಳಿ ಎಂದು ಕರೆದಿದ್ದರು. ಮಾತು ಮುಗಿದು ಶಾಲು ಹೊದಿಸಿ ಎಲ್ಲರೂ ಚೆದುರಿದ ಮೇಲೂ ಒಬ್ಬ ಮೂವತ್ತರ ಆಸುಪಾಸಿನವನು ಬೇವಿನ ಗಿಡದ ಕೆಳಗೆ ನಿಂತೇ ಇದ್ದ. ಚೀಲದಿಂದ ಟವೆಲು ತೆಗೆದ, ಟವೆಲು ಬಿಚ್ಚಿದ, ಒಳಗೆ ಅಂಗೈಯಗಲದ ಅಗ್ಗದ ರೌಟರ್ ಪೆಟ್ಟಿಗೆ; ಅದರೊಳಗೆ ಓಡುವುದೂ ಇದೇ ಕರ್ನಲ್. "ಸರ್, ಇದರಾಗ ನಿಮ್ಮ ಹೆಸರದ ರೀ," ಎಂದ. ಕೂಸನ್ನು ತೋರಿಸುವವನ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದ. ದೇವದುರ್ಗದ ನೀರಿನ ಟಾಕಿಯ ಮೇಲೆ ಟವರ್ ನಿಲ್ಲಿಸಿ ಸುತ್ತಲಿನ ಹದಿನೆಂಟು ಊರಿಗೆ ಗಾಳಿಯಲ್ಲಿ ನೆಟ್ ಕೊಡುತ್ತಿದ್ದವನು. ಇಂಥದೇ ಇನ್ನೊಂದು ಪೆಟ್ಟಿಗೆ ಟವರಿನ ತುದಿಯಲ್ಲಿ; ಅದಕ್ಕೆ ಸೋಲಾರಿನ ಬ್ಯಾಟರಿಯೂ ಅಲ್ಲಿಯೇ. ನಾಲ್ಕೈದು ದಿನಕ್ಕೊಮ್ಮೆ ಪ್ಯಾಕೆಟ್ಟು ಕಳಿಸುವುದನ್ನು ಪೆಟ್ಟಿಗೆ ನಿಲ್ಲಿಸಿಬಿಡುತ್ತದೆ, ದೀಪ ಉರಿಯುತ್ತಿರುತ್ತದೆ, ಜೀವ ಇರುತ್ತದೆ, ಆದರೆ ಮಾತಿಲ್ಲ. ಆಗ ಮೇಲೆ ಹತ್ತಿ ವೈರು ಕಿತ್ತು ಮತ್ತೆ ಚುಚ್ಚಬೇಕು ಎಂದ. ಶಕೀಲನ ಕಾರು ಹಾರ್ನು ಹೊಡೆಯುತ್ತಿತ್ತು. ಸರಿಯಾದ ದಾರಿ ತೋರಿಸುತ್ತಿದ್ದೇನೆ ಎಂದೇ ಬುರ್ಹಾನುದ್ದೀನ್ ಹೇಳಿದ: "ನನಗ ಹೇಳಬ್ಯಾಡ್ರಿ. ಲಿಸ್ಟಿಗೆ ಬರೀರಿ. ಎಲ್ಲಾರಿಗೂ ಕಾಣಂಗ ಬರೀಬೇಕು."

ಮೂಕಪ್ಪ ಬರೆದ. ತಪ್ಪುತಪ್ಪು ಇಂಗ್ಲಿಷಿನಲ್ಲಿ, ಮೊದಲು ತನ್ನ ಊರು, ತಂದೆಯ ಹೆಸರು, ಆಮೇಲೆ ಪೆಟ್ಟಿಗೆಯ ಫೋಟೊ, ಆಮೇಲೆ ಪೆಟ್ಟಿಗೆ ತಾನೇ ಬರೆದಿಟ್ಟುಕೊಳ್ಳುವ ನೂರಾರು ಸಾಲಿನ ಲಾಗು. ಬುರ್ಹಾನುದ್ದೀನ್ ತನ್ನ ಮೇಜಿನ ದೊಡ್ಡ ಯಂತ್ರದಲ್ಲಿ ಎರಡು ದಿನ ಓಡಿಸಿ ನೋಡಿದ. ಅಲ್ಲಿ ಏನೂ ನಿಲ್ಲಲಿಲ್ಲ. ಮೂರನೆಯ ದಿನ ಉತ್ತರ ಬರೆದ. ಇದು ದೋಷದ ವರದಿಯಲ್ಲ, ನಿಮ್ಮ ಅಗ್ಗದ ಪೆಟ್ಟಿಗೆಯ ಮೇಲಿನ ದೂರು; ಈ ಲಿಸ್ಟಿನ ಜನರಿಗೆ ಬೇರೆ ಕೆಲಸವಿದೆ. ಆ ಧಾಟಿ ಅವನದಲ್ಲ. ಅವನ ಮೊದಲ ಪ್ಯಾಚಿಗೆ ಯಾರೋ ದೂರದ ಹಿರಿಯ ಒಂದೇ ಸಾಲಿನಲ್ಲಿ, ನೀನು ಇದನ್ನು ಬರೆಯುವ ಮುಂಚೆ ಓದುವುದನ್ನು ಕಲಿ ಎಂದು ಬರೆದಿದ್ದ. ಆಗ ಇಡೀ ಮಧ್ಯಾಹ್ನ ಮಾವಿನಕೆರೆಯ ದಂಡೆಯ ಮೇಲೆ ಕೂತಿದ್ದ, ಊಟ ಬಿಟ್ಟಿದ್ದ. ಆಮೇಲೆ ಆ ಅವಮಾನವನ್ನೇ ಪದಕದ ಹಾಗೆ ಧರಿಸಿಕೊಂಡ. ಬೈಸಿಕೊಂಡೇ ದೊಡ್ಡವನಾದೆ ಎಂದು ಮಾನ್ವಿಯ ಹುಡುಗರಿಗೆ ಹೇಳಿದ್ದ, ಅವರು ಚಪ್ಪಾಳೆ ತಟ್ಟಿದ್ದರು. ಮೂಕಪ್ಪನೂ ಆಗ ಚಪ್ಪಾಳೆ ತಟ್ಟಿರಬೇಕು. ಬೈಗುಳದ ಕೆಳಗೆ ಬುರ್ಹಾನುದ್ದೀನ್ ಕೈಗೆ ಬಂದ ಐದು ಕೆಲಸ ಪಟ್ಟಿ ಮಾಡಿದ್ದ: ವಿದ್ಯುತ್ ಸರಬರಾಜು ಬದಲಿಸಿ, ಅರ್ಥಿಂಗ್ ನೋಡಿ, ಕೇಬಲ್ ಬದಲಿಸಿ, ಹೊಸ ಆವೃತ್ತಿ ಹಾಕಿ, ಬೇರೆ ಪೆಟ್ಟಿಗೆಯಲ್ಲಿ ಮಾಡಿ ನೋಡಿ. ಐದೂ ಆಗುವ ಮಾತಲ್ಲ, ಹೀಗೆಂದರೆ ಸುಮ್ಮನಾಗುತ್ತಾನೆ ಎಂದೇ ಬರೆದದ್ದು. ಮೂಕಪ್ಪ ಸುಮ್ಮನಾದ. ಲಿಸ್ಟಿನಲ್ಲಿ ಮತ್ತೆ ಅವನ ಹೆಸರು ಬರಲಿಲ್ಲ.

ಗಬ್ಬೂರು ದಾಟಿದ ಮೇಲೆ ಬಸ್ಸು ಖಾಲಿಯಾಯಿತು. ಭತ್ತ ಕೊಯ್ದ ಗದ್ದೆಗಳು, ಕಪ್ಪು ಬಂಡೆಗಳು, ಅವುಗಳ ಮೇಲೆ ಒಂದೊಂದು ಕಡೆ ಟವರು. ಟವರು ಕಂಡಲ್ಲೆಲ್ಲ ಅವನ ಕಣ್ಣು ಬುಡದಿಂದ ತುದಿಗೆ ಹತ್ತಿ ಅಲ್ಲಿ ನಿಲ್ಲುತ್ತಿತ್ತು. ದೋಷ ನಿಜಕ್ಕೂ ಎಷ್ಟು ಸಣ್ಣದು. ಇಬ್ಬರಿದ್ದಾರೆ ಎಂದುಕೊಳ್ಳಬೇಕು. ಒಬ್ಬ ಪ್ಯಾಕೆಟ್ಟನ್ನು ಸಾಲಿನಲ್ಲಿ ತಂದಿಡುವವನು, ಇನ್ನೊಬ್ಬ ತೆಗೆದು ಹೊರಗೆ ಕಳಿಸುವವನು. ಕೆಲಸವಿಲ್ಲದಾಗ ಎರಡನೆಯವನು ಮಲಗುತ್ತಾನೆ. ಮಲಗುವ ಮುಂಚೆ ಒಮ್ಮೆ ಸಾಲಿನ ಕಡೆ ನೋಡುತ್ತಾನೆ. ಮೊದಲನೆಯವನು ಪ್ಯಾಕೆಟ್ಟು ಇಟ್ಟು, ಇವನು ಮಲಗಿದ್ದಾನೋ ಎಂದು ನೋಡಿ, ಮಲಗಿದ್ದರೆ ಎಬ್ಬಿಸುತ್ತಾನೆ. ಇಬ್ಬರೂ ಒಂದೇ ಗಳಿಗೆಯಲ್ಲಿ ನೋಡಿದರೆ? ಇವನಿಗೆ ಸಾಲು ಖಾಲಿ ಕಾಣುತ್ತದೆ. ಅವನಿಗೆ ಇವನು ಎಚ್ಚರವಿರುವಂತೆ ಕಾಣುತ್ತದೆ. ಅವನು ಹೊರಟುಹೋಗುತ್ತಾನೆ, ಇವನು ಮಲಗುತ್ತಾನೆ. ತಂದಿಟ್ಟದ್ದು ಅಲ್ಲಿಯೇ ಉಳಿಯುತ್ತದೆ. ದೊಡ್ಡ ಯಂತ್ರದಲ್ಲಿ ಆ ಗಳಿಗೆ ಕೂಡಿಬರುವುದೇ ಇಲ್ಲ; ಅಗ್ಗದ ಪೆಟ್ಟಿಗೆಗಳಲ್ಲಿ ಒಬ್ಬ ಬರೆದದ್ದು ಇನ್ನೊಬ್ಬನಿಗೆ ತುಸು ತಡವಾಗಿ ಕಾಣುವುದರಿಂದ ಅಲ್ಲಿ ಮಾತ್ರ ನಾಲ್ಕೈದು ದಿನಕ್ಕೊಮ್ಮೆ ಕೂಡಿಬರುತ್ತದೆ. ಬರೆದದ್ದು ಕಾಣುವ ತನಕ ನೋಡಬೇಡ ಎನ್ನುವ ಒಂದೇ ಸಾಲು ಸೇರಿಸಿದರೆ ಮುಗಿಯಿತು. ಜರ್ಮನಿಯವನ ವರದಿ ಬಂದ ಮೇಲೆ ಅದನ್ನು ಸರಿಪಡಿಸಲು ಅವನಿಗೆ ನಲವತ್ತು ನಿಮಿಷ ಹಿಡಿದಿತ್ತು. ಆ ನಲವತ್ತು ನಿಮಿಷ ಎರಡು ವರ್ಷದ ಹಿಂದೆಯೂ ಅವನ ಹತ್ತಿರ ಇತ್ತು.

ಜೇಬಿನ ಕಾಗದ ಬೆವರಿಗೆ ಎದೆಗೆ ಅಂಟಿಕೊಳ್ಳುತ್ತಿತ್ತು. ಮೂಕಪ್ಪನ ಕೊನೆಯ ಮೇಲು, ಫೋನಿನಿಂದ ಕಳಿಸಿದ್ದು. ಲಿಸ್ಟಿಗಲ್ಲ, ಇವನೊಬ್ಬನಿಗೇ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದು. ಸರ್, ಮತ್ತೆ ನಿಂತದ. ನೀವು ಹೇಳಿದ್ದು ಐದೂ ಮಾಡೀನಿ. ಈಗ ಮ್ಯಾಲ ಹೊಂಟೀನಿ. ಅದರ ಕೆಳಗೆ ಇನ್ನೊಂದು ಸಾಲು, ಅದನ್ನು ಅವನು ಮನಸ್ಸಿನಲ್ಲಿ ಓದಿಕೊಳ್ಳುತ್ತಿರಲಿಲ್ಲ. ಸತ್ತ ದಿನ ಮಧ್ಯಾಹ್ನ ಮೂರು ಐವತ್ತೆರಡಕ್ಕೆ ಬಂದದ್ದು. ಅವನು ಅದನ್ನು ಓದಿದ್ದು ಹನ್ನೊಂದು ದಿನ ಬಿಟ್ಟು. ಒಬ್ಬೊಬ್ಬರಾಗಿ ಬರೆದು ಪೀಡಿಸುವವರಿಗೆಂದೇ ಅವನೊಂದು ಏರ್ಪಾಡು ಮಾಡಿಟ್ಟಿದ್ದ: ಕೋಡಿನ ವಿಷಯಕ್ಕೆ ಯಾರೇ ಖಾಸಗಿಯಾಗಿ ಬರೆದರೂ ಅದು ಒಂದು ಮೂಲೆಗೆ ಹೋಗುತ್ತಿತ್ತು, ಬರೆದವರಿಗೆ ತಾನಾಗಿ ಒಂದು ಉತ್ತರ ಹೋಗುತ್ತಿತ್ತು, ದಯವಿಟ್ಟು ಲಿಸ್ಟಿಗೆ ಬರೆಯಿರಿ ಎಂದು. ಹತ್ತು ನಿಮಿಷಕ್ಕೊಮ್ಮೆ ಆ ಉತ್ತರಗಳು ಒಟ್ಟಿಗೆ ಹೋಗುತ್ತಿದ್ದವು. ಮೂಕಪ್ಪನಿಗೆ ಹೋದದ್ದು ನಾಲ್ಕು ಗಂಟೆಗೆ ಸರಿಯಾಗಿ. ನಾಲ್ಕು ಗಂಟೆಗೆ ಅವನು ಎಷ್ಟು ಮೆಟ್ಟಿಲು ಹತ್ತಿದ್ದ? ಫೋನು ನಡುಗಿತೇ? ಸರ್ ಉತ್ತರ ಕೊಟ್ಟರು ಎಂದುಕೊಂಡನೇ? ಎಂಟು ನಿಮಿಷ. ಟಾಕಿಯ ಮೆಟ್ಟಿಲಿಗೆ ಎಷ್ಟು, ಟವರಿಗೆ ಎಷ್ಟು ಎಂದು ಅವನು ಮಹಡಿಯ ಕೋಣೆಯಲ್ಲಿ ಕೂತು ಎಣಿಸಿದ ದಿನಗಳಿದ್ದವು. ಯಾವ ಲೆಕ್ಕವೂ ಕೂಡುತ್ತಿರಲಿಲ್ಲ. ಸತ್ತ ಸುದ್ದಿ ತಿಳಿಸಿದ್ದು ಶಕೀಲ್, ಫೋನಿನಲ್ಲಿ, ಬೇರೇನೋ ಮಾತಿನ ನಡುವೆ.

ದೇವದುರ್ಗದ ಬಸ್ ನಿಲ್ದಾಣದ ಹೊರಗೆ ಆಟೋದವರನ್ನು ಮನೆ ಕೇಳಿದ. "ಟವರ್ ಮೂಕಪ್ಪನ ಮನಿನಾ? ಬಿದ್ದ ಸತ್ನಲ್ರೀ, ಅಂವಂದಾ?" ಎಂದ ಒಬ್ಬ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ ಇನ್ನೊಬ್ಬ ಕಣ್ಣು ತೆರೆಯದೇ, "ಬಿದ್ದಿಲ್ಲಲೇ. ಜಿಗದಾನ," ಎಂದ. "ನೀ ನೋಡೀಯೇನ್ಲೇ ಮಗನ?" "ಊರೇ ಅಂತದ." "ಊರಿಗೇನ್ ಬಿಡು, ಊರಿಗೆ ನೆಟ್ಟೂ ಬೇಕಿತ್ತು, ಮಾತೂ ಬೇಕು." ಮೊದಲನೆಯವನು ಆಟೋ ಶುರು ಮಾಡಿದ. ದಾರಿಯಲ್ಲಿ ಟಾಕಿ ಬಂತು. ಅದರ ಮೇಲಿನ ಟವರು ಬುರ್ಹಾನುದ್ದೀನ್ ಎಣಿಸಿಕೊಂಡದ್ದಕ್ಕಿಂತ ಗಿಡ್ಡ. ಇಷ್ಟೇ ಏನು ಎನಿಸಿ, ಎಂಟು ನಿಮಿಷದಲ್ಲಿ ತುದಿ ಮುಟ್ಟಿರಲೇಬೇಕು ಎನಿಸಿ, ಅವನು ಮುಖವನ್ನು ಆಚೆ ತಿರುಗಿಸಿದ.

ಮೂಕಪ್ಪನ ತಂದೆ ಸಿದ್ದರಾಮಪ್ಪ ಪಡಸಾಲೆಯಲ್ಲಿ ನೂಲಿನ ಮಂಚದ ಮೇಲೆ ಕೂತಿದ್ದ. ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ. ಬಂದವನು ಯಾರೆಂದು ಕಾಣದೆ ಕೈಯನ್ನು ಹುಬ್ಬಿಗಿಟ್ಟುಕೊಂಡು ನೋಡಿದ. ಹೆಸರು ಹೇಳಿದ ಕೂಡಲೇ ಮುದುಕ ಎದ್ದು ನಿಂತುಬಿಟ್ಟ. "ರಾಯಚೂರ ಸಾಹೇಬ್ರಾ? ಭಾಗ್ಯಾ, ಬಾರವ್ವ ಇಲ್ಲಿ, ಸಾಹೇಬ್ರು ಬಂದಾರ, ಮೂಕಪ್ಪನ ಸಾಹೇಬ್ರು. ಬರ್ರಿ, ಬರ್ರಿ ಯಪ್ಪಾ, ಮ್ಯಾಲ ಕುಂದರ್ರಿ." ತಾನೇ ಮಂಚದ ಮೇಲಿನ ಕೌದಿ ಕೊಡವಿ ಹಾಸಿದ. ಒಳಗಿನಿಂದ ಮೂಕಪ್ಪನ ಹೆಂಡತಿ ಭಾಗ್ಯಜ್ಯೋತಿ ಬಂದು ಬಾಗಿಲಲ್ಲಿ ನಿಂತಳು. ಊರಿನ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ ಎಂದು ಮಾವನೇ ಹೇಳಿದ. ಅವಳು ಕೈ ಮುಗಿದಳು. ಅವಳ ನೋಟ ಅವನ ಮುಖದ ಮೇಲೆ ಬೇಕಾದದ್ದಕ್ಕಿಂತ ತುಸು ಹೆಚ್ಚು ನಿಂತಿತು.

ಹೆಸರು ಹಾಕುವ ವಿಷಯವನ್ನು ಅವನು ಬಸ್ಸಿನಲ್ಲಿ ಹತ್ತು ಸಲ ಜೋಡಿಸಿಕೊಂಡಿದ್ದ. "ಮೂಕಪ್ಪ ಒಂದು ತಪ್ಪು ಹುಡುಕಿದ್ದ ಯಪ್ಪಾ. ಈಗ ಅದು ಖರೇ ಅಂತ ಗೊತ್ತಾಗೇದ. ಅದನ್ನ ರಿಪೇರಿ ಮಾಡೀವಿ. ಅದರ ಕೆಳಗ ಅಂವನ ಹೆಸರು ಹಾಕಬೇಕಂತೀನಿ. ನಿಮ್ಮನ್ನ ಕೇಳಬೇಕಿತ್ತು."

"ಎಲ್ಲಿ ಹಾಕ್ತೀರಿ?"

"ಕೋಡಿನ ಸಂಗಾಟ. ಎಲ್ಲಾ ದೇಶಕ್ಕೂ ಹೋಗ್ತದ. ಅಳಸಾಕ ಬರಂಗಿಲ್ಲ."

"ಗುಡಿ ಮೆಟ್ಟಲಿಗೆ ಹೆಸರು ಕೆತ್ತಿಸಿದಂಗ," ಎಂದ ಸಿದ್ದರಾಮಪ್ಪ. ಮುಖ ಅರಳಿತು. ಹಿಂದೆಯೇ ಏನೋ ನೆನಪಾದಂತೆ ಅರಳಿದ್ದು ಹಾಗೇ ನಿಂತಿತು. "ಒಂದು ಕೇಳ್ತೀನಿ ಸಾಹೇಬ್ರ. ತಾನ ಜಿಗದಾಂವನ ಹೆಸರು ಹಾಕಬಹುದೇನ್ರಿ ಅದರಾಗ?"

ಮುದುಕ ಬುರ್ಹಾನುದ್ದೀನನ ಉತ್ತರಕ್ಕೆ ಕಾಯಲಿಲ್ಲ. ಯಾರಾದರೂ ಹೊರಗಿನವರು ಬರಲಿ ಎಂದೇ ಕಾದಿದ್ದವನ ಹಾಗೆ ಹೇಳತೊಡಗಿದ. ಅವನು ಮೂವತ್ತನಾಲ್ಕು ವರ್ಷ ಲೈನ್‌ಮನ್ ಆಗಿದ್ದವನು. ಮಳೆಯಲ್ಲಿ, ಗಾಳಿಯಲ್ಲಿ ಕಂಬ ಹತ್ತಿದವನು. "ಹತ್ತೋದು ನಾನ ಕಲಿಸೀನ್ರಿ ಅಂವಗ. ಮೂರು ಆನಬೇಕು, ಒಂದು ಆಡಬೇಕು. ಎರಡು ಕಾಲು ಒಂದು ಕೈ ಇಲ್ಲಂದ್ರ ಎರಡು ಕೈ ಒಂದು ಕಾಲು. ಮೂರು ಯಾವಾಗಲೂ ಹಿಡದಿರಬೇಕು. ಸಣ್ಣಾಂವಿದ್ದಾಗ ಬೇವಿನ ಗಿಡಕ್ಕ ಹತ್ತಿಸಿ ಕಲಿಸೀನಿ. ನನ್ನ ಕೈಯಾಗ ಕಲಿತಾಂವ ಬೀಳಂಗಿಲ್ರಿ. ತಾನ ಬಿಟ್ಟಾನ." ಅಂದು ಬೆಳಿಗ್ಗೆ ಜಗಳವಾಗಿತ್ತಂತೆ. ಹೊತ್ತಿಲ್ಲ ಗೊತ್ತಿಲ್ಲ ಮಂದಿಯ ಫೋನು ನಿಂತರೆ ನೀನು ಯಾಕೆ ಹತ್ತುತ್ತೀ ಎಂದು ಅಪ್ಪ, ನಾನು ಹತ್ತದಿದ್ದರೆ ಯಾರು ಹತ್ತಬೇಕು ಎಂದು ಮಗ. "ಸಿಟ್ಟಿನಾಗ ಅಂದೆ. ಹೋಗ್, ಅದ ಟವರ್ ಮ್ಯಾಲ ಸಾಯಿ ಹೋಗ್ ಅಂದೆ. ಅಂತಾರಲ್ರೀ ಎಲ್ಲಾರೂ. ದಿನಾ ಅಂತಾರ. ಯಾರ ಮಗ ಸಾಯ್ತಾನ?" ಹದಿನೈದು ತಿಂಗಳು ಒಂದೇ ಜಾಗದಲ್ಲಿ ತಿಕ್ಕಿ ತಿಕ್ಕಿ ನುಣುಪಾದ ಮಾತುಗಳು. "ಒಂದ ಒಂದು ಮಾತು ಯಾರರ ಹೇಳಿದ್ರ ಸಾಕಿತ್ತು, ಸಿಟ್ಟಿಗೆ ಹೋಗಿಲ್ಲ ಅಂತ."

ಜೇಬಿನಲ್ಲಿ ಆ ಮಾತಿತ್ತು. ಓದಿಕೊಳ್ಳದೆ ಇಟ್ಟಿದ್ದ ನಾಲ್ಕನೆಯ ಸಾಲು ಈಗ ತಾನಾಗಿ ಕಣ್ಣ ಮುಂದೆ ಬಂತು. ಸಂಜೀಕ ಅಪ್ಪನ್ನ ಕಣ್ಣಿನ ಡಾಕ್ಟರ್ ಕಡಿ ಕರಕೊಂಡು ಹೋಗೋದದ, ನಂಬರ್ ಹಚ್ಚೀನಿ, ಅಪ್ಪಗ ಇನ್ನೂ ಹೇಳಿಲ್ಲ, ಅದಕ್ಕ ಲಾಗ್ ನಾಳಿಗೆ ಕಳಸ್ತೀನಿ. ಅವನ ಕೈ ಜೇಬಿಗೆ ಹೋಯಿತು. ಕಾಗದದ ಅಂಚು ಬೆರಳಿಗೆ ಸಿಕ್ಕಿತು. ಅದನ್ನು ತೆಗೆದರೆ ಕೊಟ್ಟುಬಿಡಬೇಕು. ಕೊಟ್ಟರೆ ಬಾಗಿಲಲ್ಲಿ ನಿಂತವಳು ಓದುತ್ತಾಳೆ. ಓದಿದರೆ ವೇಳೆ ನೋಡುತ್ತಾಳೆ, ನೀವು ಇದಕ್ಕೆ ಏನು ಉತ್ತರ ಬರೆದಿರಿ ಎನ್ನುತ್ತಾಳೆ. ಆದರೂ ಅವನು ಬಾಯಿ ತೆರೆದಿದ್ದ. "ಯಪ್ಪಾ" ಎನ್ನುವಷ್ಟರಲ್ಲಿ ಮುದುಕ ಗೋಡೆಯ ಕಡೆ ತಿರುಗಿ ದೇವರ ಗೂಡಿಗೆ ಕೈ ಚಾಚಿದ್ದ. ತಿರುಗಿ ಬಂದಾಗ ಬುರ್ಹಾನುದ್ದೀನನ ಬಾಯಿ ಮುಚ್ಚಿತ್ತು.

ಗೂಡಿನಿಂದ ತೆಗೆದದ್ದು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟ ಒಂದು ಹಾಳೆ. ಒಂದು ಅಂಚಿಗೆ ವಿಭೂತಿಯ ಬೆರಳು ಗುರುತು. "ನೋಡ್ರಿ, ನಿಮ್ಮದ. ಅಷ್ಟು ದೊಡ್ಡವರು ನನಗ ಕೈಯಾರೆ ಉತ್ತರ ಬರದಾರಪ್ಪ ಅಂತ ತಂದು ತೋರಿಸಿದ್ದ. ನನಗ ಇಂಗ್ಲಿಷ್ ಬರಂಗಿಲ್ಲ, ಈಗಂತೂ ಅಕ್ಷರನೂ ಕಾಣಂಗಿಲ್ಲ. ಏನ ಬರದೀರಿ, ಓದಿ ಹೇಳ್ರಿ. ನಿಮ್ಮ ಬಾಯಾಗ ಕೇಳ್ತೀನಿ." ಹಾಳೆಯ ನೆತ್ತಿಯ ಮೇಲೆ ಬುರ್ಹಾನುದ್ದೀನನ ಹೆಸರು. ಕೆಳಗೆ ಆ ಎರಡು ವಾಕ್ಯ. ಅದರ ಕೆಳಗೆ ಐದು ಕೆಲಸ. ಒಂದೊಂದರ ಮುಂದೆಯೂ ನೀಲಿ ಪೆನ್ನಿನಲ್ಲಿ ಒಂದು ಗೆರೆ, ಗೆರೆಯ ಮುಂದೆ ತಾರೀಖು. ಐದೂ ಮಾಡಿದ್ದ. ಎಂಟು ತಿಂಗಳು ಹಿಡಿದಿತ್ತು. ಕೊನೆಯಲ್ಲಿ ಕನ್ನಡದಲ್ಲಿ ಸಣ್ಣಗೆ, ಎಲ್ಲಾ ಆತು, ಇನ್ನೂ ನಿಲ್ತದ ಎಂದು ಬರೆದಿದ್ದ. ಬುರ್ಹಾನುದ್ದೀನ್ ಹಾಳೆ ಹಿಡಿದು ಓದಿದ. ಪುಸ್ತಕದ ಕನ್ನಡದಲ್ಲಿ, ಶಾಲೆಯಲ್ಲಿ ನಿಂತು ಓದುವ ಹುಡುಗನ ಹಾಗೆ. "ಮೂಕಪ್ಪನವರಿಗೆ ನಮಸ್ಕಾರಗಳು. ನೀವು ಕಂಡುಹಿಡಿದ ದೋಷ ಸಣ್ಣದಲ್ಲ. ನಿಮ್ಮಂಥವರು ನಮಗೆ ಬೇಕು. ಕೆಳಗಿನ ಐದು ಪರೀಕ್ಷೆಗಳನ್ನು ಬಿಡುವಾದಾಗ ಮಾಡಿ ತಿಳಿಸಿರಿ. ಎತ್ತರಕ್ಕೆ ಹತ್ತುವಾಗ ಹುಷಾರಾಗಿರಿ." ಕೊನೆಯ ವಾಕ್ಯ ಎಲ್ಲಿಂದ ಬಂತೋ ಅವನಿಗೆ ತಿಳಿಯಲಿಲ್ಲ. ಸಿದ್ದರಾಮಪ್ಪ ಕಣ್ಣು ಮುಚ್ಚಿ ಪ್ರತಿ ವಾಕ್ಯಕ್ಕೂ ತಲೆದೂಗಿದ. "ಇನ್ನೊಮ್ಮೆ," ಎಂದ. ಅವನು ಇನ್ನೊಮ್ಮೆ ಓದಿದ. ಎರಡನೆಯ ಸಲ ಪದಗಳು ಅಲ್ಲಲ್ಲಿ ಬೇರೆಯಾದವು. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಭಾಗ್ಯಜ್ಯೋತಿಯ ಕೈಯಲ್ಲಿ ಕಪ್ಪುಗಳು ಒಂದಕ್ಕೊಂದು ತಾಗಿದ ಸದ್ದು ಕೇಳಿತು.

ಹೆಸರು ಹಾಕಿ ಎಂದ ಮುದುಕ, ಹೊರಡುವಾಗ, ಅವನ ಎರಡೂ ಕೈ ಹಿಡಿದು. ರಸ್ತೆಯ ತನಕ ಭಾಗ್ಯಜ್ಯೋತಿ ಬಂದಳು. ಓಣಿಯ ತಿರುವಿನಲ್ಲಿ ನೆರಳಿಗೆ ನಿಂತು, "ಅದನ್ನ ನಾ ಓದೀನ್ರಿ ಸರ್," ಎಂದಳು. "ಅವರು ತಂದ ದಿನಾನ ಓದೀನಿ. ಮಾವಗ ಹೇಳಿಲ್ಲ. ನಮ್ಮನಿಯವರು ಅದನ್ನ ಬೈಗುಳಾ ಅಂತ ಎಣಿಸಿರಲಿಲ್ರಿ. ದೊಡ್ಡವರು ಹಂಗ ಕಲಸ್ತಾರ ಅಂದಿದ್ರು." ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ಮಾವ ಜಿಗದಾನ ಅಂತಾರ. ನಾ ನಂಬಂಗಿಲ್ಲ. ಫೋನ್ ಜೇಬಿನ್ಯಾಗ ಇರಲಿಲ್ರಿ. ಕೈಯಾಗ ಹಿಡಕೊಂಡಿದ್ರು, ಪುಡಿ ಆಗಿತ್ತು. ಹತ್ತಾಗ ಎಂದೂ ಫೋನ್ ತಗೀತಿರಲಿಲ್ಲ ಅವರು. ಯಾರದರ ಕಾಲ್ ಬಂದಿತ್ತೇನ ಅಂತ ಪೊಲೀಸರು ನೋಡಿದ್ರು, ಯಾವುದೂ ಇರಲಿಲ್ಲ." ಅವಳು ತಲೆ ಎತ್ತಿದಳು. "ನೀವೇನರ ಬರದಿದ್ರೇನ್ರಿ ಸರ್ ಅವತ್ತು?"

"ಇಲ್ಲವ್ವ," ಎಂದ ಬುರ್ಹಾನುದ್ದೀನ್.

ಸುಳ್ಳಲ್ಲ ಎಂದು ಬಸ್ಸಿನಲ್ಲಿ ಹೇಳಿಕೊಂಡ. ಅವನು ಬರೆದಿರಲಿಲ್ಲ. ಬರೆದದ್ದು ಯಂತ್ರ, ಅವನು ಆ ಹೊತ್ತಿಗೆ ಮಹಡಿಯ ಕೋಣೆಯಲ್ಲಿ ಕೂಲರಿನ ಮುಂದೆ ಮಲಗಿದ್ದ. ಗಬ್ಬೂರಿನಲ್ಲಿ ಬಸ್ಸು ನಿಂತಾಗ ಇಳಿದು ಹಿಂದಕ್ಕೆ ಹೋಗುವ ಬಸ್ಸು ಹಿಡಿಯಬಹುದು ಎನಿಸಿತು. ಎದ್ದೂ ನಿಂತ. ಹಿಂದಿದ್ದವನು, "ಇಳೀತೀರೇನ್ರಿ, ಇಲ್ಲಂದ್ರ ಕುಂದರ್ರಿ, ಮಂದಿ ಹತ್ತಬೇಕು," ಎಂದ. ಕೂತ.

ಭಾನುವಾರ ಬೆಳಿಗ್ಗೆ ಜಾಹೆದಾ, ಏನೆಂದರು ಎಂದು ಕೇಳಿದಳು. ಒಳ್ಳೆಯ ಜನ ಎಂದ. ಮೇಜಿಗೆ ಕೂತು ಜರ್ಮನಿಯವನ ಹೆಸರಿನ ಮೇಲೆ ಮೂಕಪ್ಪನ ಹೆಸರು ಬರೆದ, ಪಕ್ಕದಲ್ಲಿ ಅವನ ಮೇಲ್ ವಿಳಾಸ. ಕೊಂಡಿ ಹಾಕಲಿಲ್ಲ. ತಪಾಸಣೆಯ ಪ್ರೋಗ್ರಾಮು ಹಳದಿ ಅಕ್ಷರದಲ್ಲಿ, ಇವರ ವರದಿ ಎಲ್ಲಿ ಎಂದು ಕೇಳಿತು. ಉತ್ತರ ಕೊಡದೆ ಕಳಿಸಿದ. ಪ್ಯಾಚಿನಲ್ಲಿ ಯಾರ ಹೆಸರಿದೆಯೋ ಅವರಿಗೆಲ್ಲ ಒಂದೊಂದು ಪ್ರತಿ ತಾನಾಗಿ ಹೋಗುವುದು ಅಲ್ಲಿಯ ಏರ್ಪಾಡು, ಮೂಕಪ್ಪನಿಗೂ ಹೋಯಿತು. ವಿಳಾಸ ಇಲ್ಲವೆಂದು ಅದು ಹಿಂದಕ್ಕೆ ಬರಬಹುದು ಎಂದು ಅವನು ಕಾದ. ಮಧ್ಯಾಹ್ನದ ತನಕ ಕಾದ. ಜರ್ಮನಿಯವನು ಧನ್ಯವಾದ ಬರೆದ. ಮೇಲಿನವರು ಪ್ಯಾಚನ್ನು ತೆಗೆದುಕೊಂಡರು. ಮೂಕಪ್ಪ ಯಾರೆಂದು ಒಬ್ಬರೂ ಕೇಳಲಿಲ್ಲ. ಮೂಕಪ್ಪನ ವಿಳಾಸದಿಂದ ಏನೂ ಹಿಂದಕ್ಕೆ ಬರಲಿಲ್ಲ. ಅಂದರೆ ಅದು ಅಲ್ಲಿಗೆ ಮುಟ್ಟಿತ್ತು. ದಯವಿಟ್ಟು ಲಿಸ್ಟಿಗೆ ಬರೆಯಿರಿ ಎಂಬ ಆ ಹಳೆಯ ಉತ್ತರದ ಮೇಲೆ ಹೋಗಿ ಕೂತಿತ್ತು. ಮಡಿಚಿದ ಕಾಗದವನ್ನು ಅವನು ಮೇಜಿನ ಖಾನೆಯಲ್ಲಿ ಹಾಕಿದ. ಆಮೇಲೆ ಎರಡು ಸಲ ಸಿದ್ದರಾಮಪ್ಪ ಫೋನು ಮಾಡಿದ, ಹೆಸರು ಬಂತೇನ್ರಿ ಎಂದು ಒಮ್ಮೆ, ಸುಮ್ಮನೆ ಒಮ್ಮೆ. ಎರಡನೆಯ ಸಲ, ಈಗ ಬಾಗಿಲಲ್ಲಿ ನಿಂತವರ ಮುಖವೂ ಕಾಣುವುದಿಲ್ಲ ಎಂದ.

ಸತ್ತ ದಿನ ಸಂಜೆ ಮೂಕಪ್ಪ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವನಿದ್ದ. ಅದನ್ನು ಬುರ್ಹಾನುದ್ದೀನ್ ಸಿದ್ದರಾಮಪ್ಪನಿಗೆ ಹೇಳಲಿಲ್ಲ.